ಯೆರಿಕೋ ಗೋಡೆ ಬಿದ್ದ ಮೇಲೆ

ಯೆಹೋಶುವನ ಗ್ರಂಥದ ಆರನೆಯ ಅಧ್ಯಾಯ ಸಂಡೇ ಸ್ಕೂಲಿಗೆ ಹೋದ ಯಾವ ಮಗುವಿಗೂ ಹೊಸದಲ್ಲ. ಆರು ದಿನ ದಿನಕ್ಕೊಂದು ಸುತ್ತು, ಏಳನೆಯ ದಿನ ಏಳು ಸುತ್ತು, ಯಾಜಕರ ಕೊಂಬಿನ ದನಿ, ಜನರ ಆರ್ಭಟ, ಗೋಡೆ ನೆಲಸಮ. ಬೇಸಿಗೆ ರಜೆಯ ಬೈಬಲ್ ಶಾಲೆಯಲ್ಲಿ ಮಕ್ಕಳು ರಟ್ಟಿನ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿ, ಸುತ್ತು ಹಾಕಿ, ಗಂಟಲು ಹರಿಯುವಂತೆ ಕೂಗಿ ಬೀಳಿಸುತ್ತಾರೆ. ಪಾಠ ಇಪ್ಪತ್ತನೆಯ ವಚನಕ್ಕೆ ಮುಗಿಯುತ್ತದೆ. ಇಪ್ಪತ್ತೊಂದರಲ್ಲಿ ಊರೊಳಗಿದ್ದ ಗಂಡಸರು, ಹೆಂಗಸರು, ಎಳೆಯರು, ಮುದುಕರು, ಕೊನೆಗೆ ದನ, ಕುರಿ, ಕತ್ತೆಗಳೂ ಕತ್ತಿಗೆ ತುತ್ತಾದ ಸಂಗತಿ ಇದೆ.

ಮಕ್ಕಳಿಗೆ ಅದನ್ನು ಹೇಳಬೇಕಿಲ್ಲ, ಸರಿ. ಆದರೆ ದೊಡ್ಡವರ ಭಾನುವಾರಕ್ಕೂ ಅದು ಬರುವುದಿಲ್ಲ. ಹಲವು ಪ್ರಾಟೆಸ್ಟಂಟ್ ಸಭೆಗಳು ಬಳಸುವ 1992ರ ಸಾಮಾನ್ಯ ಪಾಠಪಟ್ಟಿಯಲ್ಲಿ ಯೊರ್ದನ್ ದಾಟಿದ್ದು, ಗಿಲ್ಗಾಲಿನ ಪಸ್ಕಹಬ್ಬ, ಶೆಕೆಮಿನಲ್ಲಿ ಯೆಹೋಶುವ ಆಡಿದ ಕೊನೆಯ ಮಾತು ಇವಿಷ್ಟೇ ಇವೆ; ಯೆರಿಕೋ ಇಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಕಥೋಲಿಕ ಸಭೆ ತನ್ನ ದಿನನಿತ್ಯದ ಪ್ರಾರ್ಥನಾ ಪುಸ್ತಕವನ್ನು ಪರಿಷ್ಕರಿಸಿದಾಗ 58, 83 ಮತ್ತು 109ನೆಯ ಕೀರ್ತನೆಗಳನ್ನು ಇಡಿಯಾಗಿ ಬಿಟ್ಟಿತು. 137ರ ಕೊನೆಯಲ್ಲಿ ಬಾಬಿಲೋನಿನ ಹಸುಗೂಸುಗಳನ್ನು ಕುರಿತು ಬರುವ ಶಾಪವನ್ನೂ ತೆಗೆಯಿತು. ಓದದೆ ಬಿಡುವುದೂ ಒಂದು ಬಗೆಯ ಉತ್ತರವೇ. ಅದು ಹಳೆಯ ಉತ್ತರ ಕೂಡ: ನಾಲ್ಕನೆಯ ಶತಮಾನದಲ್ಲಿ ಗಾಥ್ ಜನರ ಬಿಷಪ್ ಉಲ್ಫಿಲಾ ಬೈಬಲನ್ನು ಅವರ ಭಾಷೆಗೆ ತಂದಾಗ ಅರಸುಗಳ ಗ್ರಂಥಗಳನ್ನು ಕೈಬಿಟ್ಟನೆಂದು ಇತಿಹಾಸಕಾರ ಫಿಲೊಸ್ಟೋರ್ಜಿಯಸ್ ಹೇಳುತ್ತಾನೆ. ಮೊದಲೇ ಯುದ್ಧದ ಹುಚ್ಚು ಹಿಡಿದ ಜನಕ್ಕೆ ಬೇಕಾದದ್ದು ಲಗಾಮೇ ಹೊರತು ಚಾಟಿಯಲ್ಲ ಎಂಬುದು ಅವನ ಎಣಿಕೆಯಂತೆ. ಬಳ್ಳಾರಿಯಲ್ಲಿ ಕೂತು ಕನ್ನಡಕ್ಕೆ ಬೈಬಲ್ ತಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಅವರಿಗೆ ಅಂಥ ಅನುಮಾನ ಬರಲಿಲ್ಲ. 1830ರ ದಶಕದಿಂದ ಕನ್ನಡದ ಓದುಗನ ಕೈಯಲ್ಲಿ ಇಡೀ ಪುಸ್ತಕ ಇದೆ, ಇಪ್ಪತ್ತೊಂದನೆಯ ವಚನವೂ ಸೇರಿದಂತೆ.

ನಂಬಿಕೆಯ ಕಷ್ಟದ ಪ್ರಶ್ನೆಗಳೆಂದರೆ ಯೋಬನ ನೋವು, ನರಕ, ಉತ್ತರ ಸಿಗದ ಪ್ರಾರ್ಥನೆ ಮುಂತಾದವು ಮೊದಲು ನೆನಪಾಗುತ್ತವೆ. ಅವುಗಳಲ್ಲಿ ಹೆಚ್ಚಿನವು ದೇವರು ಯಾಕೆ ಸುಮ್ಮನಿದ್ದಾನೆ ಎಂಬಲ್ಲಿಗೆ ಬಂದು ನಿಲ್ಲುತ್ತವೆ. ಯೆರಿಕೋ ಇದ್ದ ಕಾನಾನ್ ದೇಶದ ಪ್ರಶ್ನೆ ಅದಕ್ಕೆ ತದ್ವಿರುದ್ಧ. ಇಲ್ಲಿ ದೇವರು ಸುಮ್ಮನಿಲ್ಲ. ಆತನೇ ಅಪ್ಪಣೆ ಕೊಟ್ಟನೆಂದು ಗ್ರಂಥ ಹೇಳುತ್ತದೆ. ಧರ್ಮೋಪದೇಶಕಾಂಡದ 7 ಮತ್ತು 20ನೆಯ ಅಧ್ಯಾಯಗಳಲ್ಲಿ ಅದು ಕಟ್ಟಳೆ, ಯೆಹೋಶುವನಲ್ಲಿ ಅದರ ಜಾರಿ. ಸಮುವೇಲನ ಮೊದಲ ಗ್ರಂಥದ 15ರಲ್ಲಂತೂ ಅಮಾಲೇಕ್ಯರ ಕೂಸುಗಳನ್ನೂ ಬಿಡಬೇಡ ಎಂಬ ಆಜ್ಞೆಯನ್ನು ಪೂರ್ತಿ ನಡೆಸದಿದ್ದಕ್ಕೇ ಸೌಲನ ಅರಸೊತ್ತಿಗೆ ಹೋಗುತ್ತದೆ. (ಇದು ಕ್ರೈಸ್ತರಿಗಷ್ಟೇ ಮೀಸಲಾದ ಇಕ್ಕಟ್ಟೆಂದು ಯಾರೂ ಬೀಗಬೇಕಿಲ್ಲ. ಖಾಂಡವವನ ಸುಟ್ಟಾಗ ಒಳಗಿದ್ದವರ ಗತಿಯೇನು ಎಂದು ‘ಯುಗಾಂತ’ದಲ್ಲಿ ಇರಾವತಿ ಕರ್ವೆ ಕೇಳಿದ್ದೂ ಇದೇ ಜಾತಿಯ ಪ್ರಶ್ನೆ.)

ಎರಡು ಸಾವಿರ ವರ್ಷಗಳ ಉತ್ತರಗಳನ್ನು ತೂಗುವಾಗ ನಾನು ನೋಡುವುದು ಎರಡನ್ನು. ಉತ್ತರವು ಬರೆದಿರುವುದನ್ನು ಮುಚ್ಚಿಡಬಾರದು. ಅದೇ ಅಧ್ಯಾಯವನ್ನು ಹಿಡಿದು ನಾಳೆ ಇನ್ನೊಬ್ಬ ಕತ್ತಿ ಎತ್ತಿದರೆ ಅವನನ್ನು ತಡೆಯುವ ಬಲವೂ ಅದಕ್ಕಿರಬೇಕು. ಹೆಸರಾಂತ ಉತ್ತರಗಳು ಬಹುಪಾಲು ಈ ಎರಡರಲ್ಲಿ ಒಂದರಲ್ಲಿ ಸೋಲುತ್ತವೆ.

ಮೊದಲು ಗಟ್ಟಿಯಾಗಿ ಕೇಳಿದವನು ಮಾರ್ಸಿಯನ್. ಕಪ್ಪು ಸಮುದ್ರದ ದಡದ ಸಿನೋಪೆಯವನು, ಹಡಗಿನ ಸಾಹುಕಾರ. ರೋಮಿನ ಸಭೆಗೆ ಎರಡು ಲಕ್ಷ ಸೆಸ್ಟರ್ಸ್ ಕಾಣಿಕೆ ಕೊಟ್ಟಿದ್ದ. ಕ್ರಿ.ಶ. 144ರಲ್ಲಿ ಸಭೆ ಅವನನ್ನು ಹೊರಗೆ ಹಾಕಿ ಹಣವನ್ನೂ ಹಿಂದಿರುಗಿಸಿತು. ಅವನ ವಾದ ಸರಳ: ಯೆಹೋಶುವನಿಗೆ ಅಪ್ಪಣೆ ಕೊಟ್ಟವನೂ ಯೇಸುವಿನ ತಂದೆಯೂ ಒಬ್ಬನೇ ಆಗಿರಲು ಸಾಧ್ಯವಿಲ್ಲ, ಇಬ್ಬರು ದೇವರು, ಆದ್ದರಿಂದ ಹಳೆ ಒಡಂಬಡಿಕೆ ನಮ್ಮದಲ್ಲ. ಟೆರ್ಟುಲಿಯನ್ ಅವನ ವಿರುದ್ಧ ಐದು ಪುಸ್ತಕ ಬರೆದ. ನ್ಯಾಯ ತೀರಿಸದ ಒಳ್ಳೆಯತನ ಒಳ್ಳೆಯತನವೇ ಅಲ್ಲ ಎಂಬುದು ಅದರ ತಿರುಳು. ಅದು ಕೇಳಬೇಕಾದ ಮಾತೇ, ಆದರೆ ಯೆರಿಕೋದ ಕೂಸಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಾರ್ಸಿಯನ್ ಹೇಳಿದ್ದು ಸಭೆಗೆ ಒಪ್ಪಿಗೆಯಾಗಲಿಲ್ಲ, ಆಗಬಾರದಿತ್ತು ಕೂಡ. ಹಳೆ ಒಡಂಬಡಿಕೆಯನ್ನು ಕಿತ್ತರೆ ಯೇಸುವಿನ ಕಾಲ ಕೆಳಗಿನ ನೆಲವೇ ಹೋಗುತ್ತದೆ; ಯೆಹೂದ್ಯರ ದೇವರು ಕೀಳು ಎನ್ನುವ ಮಾತು ಯೂರೋಪಿನಲ್ಲಿ ಎಲ್ಲಿಗೆ ಹೋಗಿ ಮುಟ್ಟಿತೆಂಬುದನ್ನು ಇಪ್ಪತ್ತನೆಯ ಶತಮಾನ ತೋರಿಸಿಕೊಟ್ಟಿದೆ. ಆದರೂ ಅವನ ಕಣ್ಣಿಗೆ ಬಿದ್ದದ್ದು ನಿಜವಾದ ಮುಳ್ಳೇ.

ಸಭೆಯ ಒಳಗಿದ್ದುಕೊಂಡೇ ಆ ಮುಳ್ಳಿಗೆ ಕೈ ಹಾಕಿದವನು ಓರಿಜೆನ್. ಮೂರನೆಯ ಶತಮಾನದ ನಡುವೆ ಪಾಲೆಸ್ತೀನಿನ ಕೈಸರೈಯದಲ್ಲಿ ಅವನು ಯೆಹೋಶುವನ ಗ್ರಂಥದ ಮೇಲೆ ಮಾಡಿದ 26 ಪ್ರಸಂಗಗಳು ರೂಫಿನಸ್‌ನ ಲ್ಯಾಟಿನ್ ಅನುವಾದದಲ್ಲಿ ಉಳಿದಿವೆ. ಗ್ರೀಕಿನಲ್ಲಿ ಯೆಹೋಶುವನಿಗೂ ಯೇಸುವಿಗೂ ಹೆಸರು ಒಂದೇ. ಅದನ್ನೇ ಹಿಡಿದು ಅವನು ಇಡೀ ಗ್ರಂಥವನ್ನು ಒಳಮುಖವಾಗಿ ಓದುತ್ತಾನೆ: ಕಾನಾನ್ಯರೆಂದರೆ ನಮ್ಮೊಳಗಿನ ಸಿಟ್ಟು, ಹೊಟ್ಟೆಕಿಚ್ಚು, ದುರಾಸೆ, ಯೆಹೋಶುವ ಕೊಲ್ಲಿಸುವುದು ಅವುಗಳನ್ನು. ಹದಿನೈದನೆಯ ಪ್ರಸಂಗದಲ್ಲಿ ಅವನು ಇನ್ನೂ ದಿಟ್ಟ ಮಾತೊಂದನ್ನು ಹೇಳುತ್ತಾನೆ. ಆ ಯುದ್ಧಗಳು ಆತ್ಮದ ಯುದ್ಧದ ನೆರಳಾಗಿರದೆ ಹೋಗಿದ್ದರೆ, ಸಮಾಧಾನವನ್ನು ಕಲಿಸಲು ಬಂದ ಕ್ರಿಸ್ತನ ಶಿಷ್ಯರು ಆ ಪುಸ್ತಕಗಳನ್ನು ಸಭೆಯಲ್ಲಿ ಓದಲು ಕೊಡುತ್ತಲೇ ಇರಲಿಲ್ಲ ಎನ್ನುವ ಅರ್ಥದ್ದು ಅದು. ಅಂದರೆ ಅಕ್ಷರಶಃ ಓದು ಕ್ರೈಸ್ತನಿಗೆ ನಿಲುಕದ್ದು ಮಾತ್ರವಲ್ಲ, ಸಲ್ಲದ್ದು.

ನೂರು ಚಿಲ್ಲರೆ ವರ್ಷಗಳ ತರುವಾಯ ನಿಸ್ಸಾದ ಗ್ರೆಗರಿ ಮೋಶೆಯ ಜೀವನವನ್ನು ಬರೆಯುತ್ತ ಐಗುಪ್ತದ ಚೊಚ್ಚಲ ಮಕ್ಕಳ ಸಾವಿಗೆ ಬಂದು ನಿಲ್ಲುತ್ತಾನೆ. ತಪ್ಪು ಫರೋಹನದು, ಈಗ ತಾನೇ ಹುಟ್ಟಿದ, ಒಳಿತು ಕೆಡುಕಿನ ಭೇದವೇ ಗೊತ್ತಿಲ್ಲದ ಕೂಸಿಗೆ ಶಿಕ್ಷೆಯೆಂದರೆ ನ್ಯಾಯ ಎಲ್ಲಿ ಎಂದು ನೇರವಾಗಿ ಕೇಳುತ್ತಾನೆ. ತಂದೆಯ ಪಾಪವನ್ನು ಮಗ ಹೊರಬೇಕಿಲ್ಲ ಎಂಬ ಯೆಹೆಜ್ಕೇಲನ ಮಾತನ್ನು ಸಾಕ್ಷಿಗೆ ಕರೆಯುತ್ತಾನೆ. ಆಮೇಲೆ ಅವನೂ ಸಂಕೇತಾರ್ಥಕ್ಕೆ ಹೊರಳುತ್ತಾನೆ: ಕೆಡುಕನ್ನು ಮೊಳಕೆಯಲ್ಲೇ ಚಿವುಟು ಎಂಬುದು ಪಾಠ. ಆಧುನಿಕರಾದ ನಮಗೆ ಈ ಪ್ರಶ್ನೆ ನಾವೇ ಕಂಡುಹಿಡಿದದ್ದೆಂಬ ಜಂಬವಿದ್ದರೆ ಗ್ರೆಗರಿಯ ಈ ಪುಟ ಅದನ್ನು ಇಳಿಸುತ್ತದೆ.

ಈ ಓದಿಗೆ ತಡೆಯುವ ಬಲ ಇದೆ; ಸಿಟ್ಟನ್ನು ಕೊಲ್ಲು ಎಂದವನ ಕೈಗೆ ಯಾರೂ ಕತ್ತಿ ಕೊಡುವುದಿಲ್ಲ. ಆದರೆ ಇಪ್ಪತ್ತೊಂದನೆಯ ವಚನದ ಮುದುಕಿ ಇಲ್ಲಿ ಕಾಣೆಯಾಗುತ್ತಾಳೆ. ಅವಳನ್ನು ನಮ್ಮ ಹೊಟ್ಟೆಕಿಚ್ಚಿನ ಉಪಮೆಯಾಗಿ ಮಾಡಿಟ್ಟದ್ದು ಎರಡನೆಯ ಅನ್ಯಾಯವಲ್ಲವೇ ಎಂಬ ಅಳುಕು ನನಗೆ ಹೋಗಿಲ್ಲ.

ಪಶ್ಚಿಮದ ಸಭೆ ಕೊನೆಗೆ ಹಿಡಿದದ್ದು ಬೇರೆ ದಾರಿ. ಆಯಿ ಪಟ್ಟಣದ ಹೊಂಚುದಾಳಿಯನ್ನು ವಿವರಿಸುತ್ತ ಅಗಸ್ಟೀನ್, ದೇವರೇ ಆಜ್ಞಾಪಿಸಿದ ಯುದ್ಧ ನ್ಯಾಯವಾದದ್ದೇ ಎಂದ. ಆ ಸಾಲು ಸುಮಾರು 1140ರಲ್ಲಿ ಗ್ರೇಷಿಯನ್ ಕೂಡಿಸಿದ ಸಭಾಕಾನೂನಿನ ಸಂಗ್ರಹಕ್ಕೆ, ಅಲ್ಲಿಂದ ಅಕ್ವಿನಾಸ್‌ಗೆ ಹೋಯಿತು. ಕ್ಯಾಲ್ವಿನ್‌ನ ಕೊನೆಯ ಕೃತಿ, 1564ರ ಯೆಹೋಶುವನ ವ್ಯಾಖ್ಯಾನ, ಒಂದು ವಿಷಯದಲ್ಲಿ ಪ್ರಾಮಾಣಿಕವಾಗಿದೆ: ದೇವರ ಅಪ್ಪಣೆ ಇರದಿದ್ದರೆ ಇದು ಮೃಗೀಯ ಕ್ರೌರ್ಯವೇ ಎಂದು ಅವನು ಮುಚ್ಚುಮರೆಯಿಲ್ಲದೆ ಒಪ್ಪುತ್ತಾನೆ. ಅಪ್ಪಣೆ ಇತ್ತು, ಆದ್ದರಿಂದ ಅಲ್ಲ. ಬರೆದಿರುವುದನ್ನು ಈ ಉತ್ತರ ಮುಚ್ಚಿಡುವುದಿಲ್ಲ. ನಾಳಿನವನನ್ನು ತಡೆಯುವುದೂ ಇಲ್ಲ. ‘ನನಗೂ ಅಪ್ಪಣೆಯಾಗಿದೆ’ ಎಂದು ಅವನು ಹೇಳಿದರಾಯಿತು.

ಹಾಗೆ ಹೇಳಿದವರಿಗೆ ಬರವಿರಲಿಲ್ಲ. 1099ರ ಜುಲೈ 8ರಂದು ಶಿಲುಬೆಯುದ್ಧದ ದಂಡು ಬರಿಗಾಲಲ್ಲಿ ಯೆರೂಸಲೇಮಿನ ಗೋಡೆಯನ್ನು ಸುತ್ತಿತು, ಯೆರಿಕೋದ ಮೇಲ್ಪಂಕ್ತಿಯಲ್ಲಿ. ಒಂದು ವಾರಕ್ಕೆ ಊರು ಬಿತ್ತು, ಕಗ್ಗೊಲೆಯೂ ಆಯಿತು. 1637ರಲ್ಲಿ ನ್ಯೂ ಇಂಗ್ಲೆಂಡಿನ ಮಿಸ್ಟಿಕ್‌ನಲ್ಲಿ ಪೀಕ್ವಾಟ್ ಜನರ ಕೋಟೆಗೆ ಬೆಂಕಿಯಿಟ್ಟು ಹೆಂಗಸರು ಮಕ್ಕಳನ್ನೂ ಸುಟ್ಟ ಮೇಲೆ ಜಾನ್ ಅಂಡರ್‌ಹಿಲ್ ದಾವೀದನ ಯುದ್ಧಗಳನ್ನು ತೋರಿಸಿ ಸಮರ್ಥಿಸಿಕೊಂಡ. ತದ್ವಿರುದ್ಧವಾಗಿ ಅದೇ ಗ್ರಂಥವನ್ನು ಬಳಸಿದವನೂ ಇದ್ದ. 1550–51ರಲ್ಲಿ ಸ್ಪೇನಿನ ವಯ್ಯಾದೊಲಿದ್‌ನಲ್ಲಿ ನಡೆದ ವಾದದಲ್ಲಿ ಸೆಪುಲ್ವೇದಾ ಧರ್ಮೋಪದೇಶಕಾಂಡದ 20ನೆಯ ಅಧ್ಯಾಯವನ್ನು ಅಮೆರಿಕದ ಮೂಲನಿವಾಸಿಗಳ ಮೇಲೆ ಹೇರಿದಾಗ, ಬಿಷಪ್ ಲಾಸ್ ಕಾಸಾಸ್, ಆ ಅಪ್ಪಣೆ ಆ ಕಾಲದ ಆ ಜನಾಂಗಗಳಿಗಷ್ಟೇ, ವಿಗ್ರಹಾರಾಧಕರಿಗೆಲ್ಲ ಅಲ್ಲ ಎಂದು ಗೆರೆ ಎಳೆದ.

ಆ ಗೆರೆಯನ್ನು ಯೆಹೂದಿ ಗುರುಗಳು ಅದಕ್ಕೂ ಬಹಳ ಹಿಂದೆಯೇ ಎಳೆದಿದ್ದರು, ಇನ್ನೂ ಅಚ್ಚುಕಟ್ಟಾಗಿ. ಮಿಷ್ನಾದಲ್ಲಿ ಒಬ್ಬ ಅಮ್ಮೋನಿಯ ಸಭೆಗೆ ಸೇರಬಹುದೇ ಎಂಬ ಚರ್ಚೆ ಬಂದಾಗ ಸಿಗುವ ಉತ್ತರ: ಅಶ್ಶೂರದ ಸನ್ಹೇರೀಬ ಜನಾಂಗಗಳನ್ನೆಲ್ಲ ಕಲಸಿಬಿಟ್ಟ, ಈಗ ಯಾರು ಯಾರೆಂದು ಹೇಳಲಾಗದು, ಬರಲಿ. ಕಾನಾನಿನ ಏಳು ಜನಾಂಗಗಳಿಗೂ ಮುಂದೆ ಇದೇ ತರ್ಕ ಹಬ್ಬಿತು. ಗುರುತಿಸಲಾಗದ ಮೇಲೆ ಕಟ್ಟಳೆ ಜಾರಿಯಾಗುವುದು ಹೇಗೆ? ಕಟ್ಟಳೆಯನ್ನು ಅಳಿಸದೆ ಅದರ ಬಾಗಿಲಿಗೆ ಬೀಗ ಹಾಕಿದ ಈ ಜಾಣ್ಮೆಯನ್ನು ಕ್ರೈಸ್ತ ವ್ಯಾಖ್ಯಾನಕಾರರು ಸಾಕಷ್ಟು ಗಮನಿಸಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ಪ್ರಶ್ನೆ ಮತ್ತೆ ಬೀದಿಗೆ ಬಂತು. ಥಾಮಸ್ ಪೇಯ್ನ್ ‘ದಿ ಏಜ್ ಆಫ್ ರೀಸನ್’ ಪುಸ್ತಕದ 1795ರ ಎರಡನೆಯ ಭಾಗದಲ್ಲಿ ಈ ಕೊಲೆಗಳನ್ನು ಮುಂದಿಟ್ಟೇ ಬೈಬಲ್ ದೇವರ ಮಾತಲ್ಲ ಎಂದ. ಲ್ಯಾಂಡಫ್‌ನ ಬಿಷಪ್ ರಿಚರ್ಡ್ ವಾಟ್ಸನ್ 1796ರಲ್ಲಿ ಕೊಟ್ಟ ಉತ್ತರ ಇದು: ಭೂಕಂಪ, ನೆರೆ, ಬರಗಾಲಗಳಲ್ಲೂ ಹಸುಗೂಸುಗಳು ಸಾಯುತ್ತವೆ, ನಿಸರ್ಗದ ಒಡೆಯನೆಂದು ನೀನು ಒಪ್ಪುವ ದೇವರನ್ನು ಅದಕ್ಕೆ ಯಾಕೆ ದೂರುವುದಿಲ್ಲ? ಪೇಯ್ನ್ ದೇವರನ್ನು ಒಪ್ಪುತ್ತಿದ್ದವನಾದ್ದರಿಂದ ಏಟು ಸರಿಯಾಗಿಯೇ ಬಿತ್ತು. ಆದರೆ ಭೂಕಂಪ ಒಬ್ಬ ಮನುಷ್ಯನ ಕೈಗೆ ಕತ್ತಿ ಕೊಟ್ಟು ಮಗುವಿನ ಮುಖ ನೋಡುತ್ತ ಕೊಲ್ಲು ಎನ್ನುವುದಿಲ್ಲ. ಸತ್ತ ಮಕ್ಕಳು ಪರಲೋಕಕ್ಕೆ ಹೋದರು ಎಂದು ಈಗಲೂ ಸಮಾಧಾನ ಹೇಳುವವರಿದ್ದಾರೆ. ಹೆರೋದನ ಸಿಪಾಯಿಗಳಿಗೂ ಆ ಸಮಾಧಾನ ಒಗ್ಗುತ್ತಿತ್ತು.

ಇಪ್ಪತ್ತನೆಯ ಶತಮಾನ ಈ ಜಗಳಕ್ಕೆ ಹಾರೆ ಗುದ್ದಲಿ ತಂದಿತು. ಕ್ಯಾಥ್ಲೀನ್ ಕೆನ್ಯನ್ 1952ರಿಂದ 1958ರವರೆಗೆ ಯೆರಿಕೋದಲ್ಲಿ ಅಗೆದು, ಕೋಟೆಯಿದ್ದ ದೊಡ್ಡ ಊರು ಕ್ರಿ.ಪೂ. ಸುಮಾರು 1550ರಲ್ಲೇ ನಾಶವಾಗಿತ್ತೆಂದೂ, ಯೆಹೋಶುವನ ಕಾಲವೆಂದು ಸಾಮಾನ್ಯವಾಗಿ ಹೇಳುವ ಹದಿಮೂರನೆಯ ಶತಮಾನದಲ್ಲಿ ಅಲ್ಲಿ ಬೀಳಿಸಲು ಗೋಡೆಯೇ ಇರಲಿಲ್ಲವೆಂದೂ ತೀರ್ಮಾನಕ್ಕೆ ಬಂದಳು. ಆಯಿ ಎಂದು ಗುರುತಿಸಲಾದ ಎತ್-ತೆಲ್ ದಿಬ್ಬ ಅದಕ್ಕೂ ಸಾವಿರ ವರ್ಷ ಮುಂಚಿನಿಂದ ಹಾಳು ಬಿದ್ದಿತ್ತು. ಹಾಚೋರ್ ಮಾತ್ರ ಹದಿಮೂರನೆಯ ಶತಮಾನದಲ್ಲಿ ಸುಟ್ಟು ಬೂದಿಯಾದದ್ದು ಖಚಿತ. ಸುಟ್ಟವರು ಯಾರೆಂಬುದರಲ್ಲಿ ಜಗಳವಿದೆ. ಬೆಟ್ಟದ ಸೀಮೆಯಲ್ಲಿ ಆಮೇಲೆ ಎದ್ದ ಹಳ್ಳಿಗಳ ಮಡಕೆ ಕುಡಿಕೆಗಳು ಕಾನಾನ್ಯರವುಗಳ ಮುಂದುವರಿಕೆಯಂತೆಯೇ ಇವೆ. ಇಸ್ರಾಯೇಲ್ಯರಲ್ಲಿ ಹೆಚ್ಚಿನವರು ಹೊರಗಿನಿಂದ ದಂಡೆತ್ತಿ ಬಂದವರಲ್ಲ, ಅಲ್ಲಿನವರೇ ಎಂಬ ವಾದವನ್ನು ಜಾರ್ಜ್ ಮೆಂಡನ್‌ಹಾಲ್ 1962ರಲ್ಲಿ ಮುಂದಿಟ್ಟರು.

ಹಾಗಾದರೆ ಕೊಲೆಯೇ ನಡೆಯಲಿಲ್ಲ, ಪ್ರಶ್ನೆ ಬಗೆಹರಿಯಿತು ಎಂದು ನಿಟ್ಟುಸಿರು ಬಿಡುವವರನ್ನು ನೋಡಿದ್ದೇನೆ. ಏನೂ ಬಗೆಹರಿದಿಲ್ಲ. ನಡೆಯದ ಸಂಹಾರವನ್ನು ನಡೆಯಬೇಕಾಗಿತ್ತೆಂಬಂತೆ ಯಾಕೆ ಬರೆದರು ಎಂಬ ಇನ್ನೊಂದು ಪ್ರಶ್ನೆ ಹುಟ್ಟಿತು, ಅಷ್ಟೇ. ಮಿಸ್ಟಿಕ್‌ನಲ್ಲಿ ಬೆಂಕಿಯಿಟ್ಟವರು ಓದಿದ್ದು ಪುಸ್ತಕವನ್ನು, ದಿಬ್ಬವನ್ನಲ್ಲ.

ಆ ಕಾಲದ ಎರಡು ಶಾಸನದ ಕಲ್ಲುಗಳು ಇದಕ್ಕಿಂತ ಹೆಚ್ಚು ಉಪಯೋಗದವು. 1896ರಲ್ಲಿ ಫ್ಲಿಂಡರ್ಸ್ ಪೆಟ್ರಿಗೆ ಥೀಬ್ಸ್‌ನಲ್ಲಿ ಸಿಕ್ಕ ಫರೋಹ ಮೆರ್ನೆಪ್ತಾನ ಶಾಸನ ಕ್ರಿ.ಪೂ. 1208ರ ಸುಮಾರಿನದು. ಬೈಬಲ್ಲಿನ ಹೊರಗೆ ಇಸ್ರಾಯೇಲಿನ ಹೆಸರು ಸ್ಪಷ್ಟವಾಗಿ ಕಾಣುವುದು ಮೊದಲು ಇಲ್ಲಿಯೇ, ಕಂಡದ್ದೂ ಹೇಗೆಂದರೆ ಅದು ಬೀಜ ಸಮೇತ ನಾಶವಾಯಿತೆಂದು! ಎರಡನೆಯದು 1868ರಲ್ಲಿ ಜೋರ್ಡಾನಿನ ಧಿಬಾನ್‌ನಲ್ಲಿ ಕಂಡು, ಈಗ ಲೂವ್ರ್ ಸಂಗ್ರಹಾಲಯದಲ್ಲಿರುವ ಮೇಷನ ಶಾಸನ. ಮೋವಾಬಿನ ಅರಸ ಮೇಷ ಅದರಲ್ಲಿ ನೆಬೋ ಊರಿನ ಏಳು ಸಾವಿರ ಜನರನ್ನು, ಹೆಂಗಸರನ್ನೂ ಸೇರಿಸಿ, ತನ್ನ ದೇವತೆಗೆ ಮೀಸಲೆಂದು ಕೊಂದೆನೆಂದು ಕೊಚ್ಚಿಕೊಳ್ಳುತ್ತಾನೆ. ಇಸ್ರಾಯೇಲು ಎಂದೆಂದಿಗೂ ಅಳಿಯಿತು ಎನ್ನುತ್ತಾನೆ. ಅದಾಗಿ ನೂರಕ್ಕೂ ಹೆಚ್ಚು ವರ್ಷ ಇಸ್ರಾಯೇಲು ರಾಜ್ಯವಾಗಿಯೇ ಇತ್ತು. ಗೆದ್ದವರು ಹೀಗೆ ಬರೆಸುವುದು ಆ ಸೀಮೆಯ ಅಂದಿನ ವಾಡಿಕೆ. ಈ ಹಾದಿಯಲ್ಲಿ ನಿಕೋಲಸ್ ವಾಲ್ಟರ್‌ಸ್ಟಾರ್ಫ್, ಪಾಲ್ ಕೋಪನ್ ಮೊದಲಾದವರು ಯೆಹೋಶುವನ ಗ್ರಂಥವನ್ನೂ ಅತಿಶಯೋಕ್ತಿಯೆಂದು ಓದುತ್ತಾರೆ. ಗ್ರಂಥವೇ ಅವರ ನೆರವಿಗೆ ಬರುತ್ತದೆ. ಹತ್ತನೆಯ ಅಧ್ಯಾಯದಲ್ಲಿ ಹೆಬ್ರೋನ್, ದೆಬೀರ್‌ಗಳಲ್ಲಿ ಒಬ್ಬನೂ ಉಳಿಯಲಿಲ್ಲ; ಹದಿನೈದಕ್ಕೆ ಬಂದರೆ ಕಾಲೇಬ ಅಲ್ಲಿನವರ ಮೇಲೆ ಯುದ್ಧಕ್ಕೆ ಹೊರಟಿದ್ದಾನೆ. ಧರ್ಮೋಪದೇಶಕಾಂಡ 7ರಲ್ಲಿ ಏಳು ಜನಾಂಗಗಳನ್ನು ನಿರ್ಮೂಲ ಮಾಡು ಎಂದ ಮರುವಚನವೇ ಅವರೊಡನೆ ಬೀಗತನ ಬೆಳೆಸಬೇಡ ಎನ್ನುತ್ತದೆ. ಸತ್ತವರೊಡನೆ ಬೀಗತನ ಯಾರು ಮಾಡುತ್ತಾರೆ? ಅಲ್ಲಿ ನಿಜವಾಗಿ ಕೇಳಿದ್ದು ವಿಗ್ರಹಗಳನ್ನು ಒಡೆಯುವುದನ್ನು, ಮದುವೆ ಸಂಬಂಧ ಬಿಡುವುದನ್ನು ಎಂಬುದು ಡರ್ಹಮ್‌ನ ವಾಲ್ಟರ್ ಮೋಬರ್ಲಿಯವರ ವಾದ.

ಇದುವರೆಗಿನ ಉತ್ತರಗಳಲ್ಲಿ ಬರೆದ ಸಾಲುಗಳಿಗೆ ಅತಿ ಹತ್ತಿರವಾಗಿ ನಿಲ್ಲುವುದು ಇದೇ. ಆದರೂ ಸಮುವೇಲನಲ್ಲಿ ಇದು ಮುಗ್ಗರಿಸುತ್ತದೆ. ಎಲ್ಲರನ್ನೂ ಎಂಬುದು ಬರೀ ಮಾತಿನ ಅಬ್ಬರವಾಗಿದ್ದರೆ, ಅರಸ ಅಗಾಗನನ್ನೂ ಒಳ್ಳೆಯ ದನಕುರಿಗಳನ್ನೂ ಉಳಿಸಿದ್ದಕ್ಕೆ ಸೌಲನ ಪಟ್ಟ ಹೋಗಬೇಕಾಗಿರಲಿಲ್ಲ. ತಾಲ್ಮುದಿನ ಗುರುಗಳು ಸೌಲನ ಬಾಯಲ್ಲಿ ಒಂದು ವಾದವನ್ನೇ ಇಟ್ಟಿದ್ದಾರೆ: ಕೊಲೆಯಾಗಿ ಬಿದ್ದ ಒಬ್ಬನೇ ಒಬ್ಬನಿಗಾಗಿ ಪ್ರಾಯಶ್ಚಿತ್ತ ವಿಧಿಸುವ ಧರ್ಮಶಾಸ್ತ್ರ, ಇಷ್ಟು ಜನಕ್ಕೆ ಏನೆನ್ನಬೇಕು? ದೊಡ್ಡವರು ತಪ್ಪು ಮಾಡಿದರೆ ಎಳೆಯರು ಏನು ಮಾಡಿದರು? ಆಕಾಶವಾಣಿ ಅವನನ್ನು ಗದರಿಸಿ ಸುಮ್ಮನಾಗಿಸುತ್ತದೆ. ಆದರೆ ವಾದವನ್ನು ಯಾರೂ ಅಳಿಸಲಿಲ್ಲ. ಇವತ್ತಿಗೂ ಓದಲು ಸಿಗುತ್ತದೆ.

ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವ ಉತ್ತರ ವ್ಯಾಖ್ಯಾನಕಾರರದಲ್ಲ, ಬೈಬಲ್ಲಿನ ಪುಸ್ತಕಗಳೇ ಒಂದಕ್ಕೊಂದು ಕೊಡುವ ಉತ್ತರ. ಅರಸುಗಳ ಎರಡನೆಯ ಗ್ರಂಥದ 10ರಲ್ಲಿ ಯೇಹು ಅಹಾಬನ ಮನೆತನವನ್ನು ಇಜ್ರೇಲಿನಲ್ಲಿ ಕಡಿದದ್ದಕ್ಕೆ ದೇವರ ಶಹಬ್ಬಾಸ್ ಸಿಗುತ್ತದೆ, ನಾಲ್ಕು ತಲೆಮಾರಿನ ಪಟ್ಟವೂ ಸಿಗುತ್ತದೆ. ಹೋಶೇಯನ ಮೊದಲ ಅಧ್ಯಾಯದಲ್ಲಿ ಅದೇ ಇಜ್ರೇಲಿನ ರಕ್ತಕ್ಕಾಗಿ ಅದೇ ದೇವರು ಯೇಹುವಿನ ಮನೆತನವನ್ನು ದಂಡಿಸುವುದಾಗಿ ಹೇಳುತ್ತಾನೆ. ಎರಡೂ ಒಂದೇ ರಟ್ಟಿನೊಳಗಿವೆ. ಸೊದೋಮಿಗಾಗಿ ಅಬ್ರಹಾಮ ಐವತ್ತರಿಂದ ಹತ್ತಕ್ಕೆ ಚೌಕಾಸಿ ಮಾಡುತ್ತಾನೆ. ಯೆಹೋಶುವ ಯೆರಿಕೋಗಾಗಿ ಬಾಯಿ ತೆರೆಯುವುದಿಲ್ಲ. ಯೋನನ ಪುಸ್ತಕದ ಕೊನೆಯನ್ನು ಇಪ್ಪತ್ತೊಂದನೆಯ ವಚನದ ಪಕ್ಕ ಇಟ್ಟು ನೋಡಿ. ಯೆರಿಕೋದಲ್ಲಿ ಸತ್ತವರ ಸಾಲು ದನ ಕುರಿ ಕತ್ತೆಗಳಿಗೆ ಮುಗಿದಿತ್ತು. ಯೋನನಲ್ಲಿ ದೇವರು, ಬಲಗೈ ಎಡಗೈ ತಿಳಿಯದ ಲಕ್ಷದ ಇಪ್ಪತ್ತು ಸಾವಿರ ಜನ ಇರುವ ನಿನೆವೆಗೆ ನಾನು ಮರುಗಬಾರದೇ ಎಂದು ಕೇಳಿ, ಬಹಳ ದನಗಳೂ ಇವೆ ಎಂದು ಸೇರಿಸುತ್ತಾನೆ. ನಿನೆವೆ ಇಸ್ರಾಯೇಲನ್ನು ನಿರ್ನಾಮ ಮಾಡಿದ ಅಶ್ಶೂರದ ರಾಜಧಾನಿ.

ಸಮಾರ್ಯದ ಹಳ್ಳಿಯ ಮೇಲೆ ಬೆಂಕಿ ಸುರಿಸೋಣವೇ ಎಂದ ಶಿಷ್ಯರನ್ನು ಯೇಸು ಗದರಿಸುತ್ತಾನೆ. ನಜರೇತಿನಲ್ಲಿ ಯೆಶಾಯನ ಸುರುಳಿ ಓದುವಾಗ ದೇವರು ಮುಯ್ಯಿ ತೀರಿಸುವ ದಿನದ ಮಾತು ಬರುವ ಮೊದಲೇ ಸುತ್ತಿಡುತ್ತಾನೆ. ಮಾರ್ಕನು ಸುರೋಫೊಯಿನಿಕೆಯವಳೆಂದು ಕರೆದ ಹೆಂಗಸನ್ನು ಮತ್ತಾಯ ಕಾನಾನ್ಯಳೆನ್ನುತ್ತಾನೆ. ಆ ಕಾಲಕ್ಕೆ ಹಾಗೆ ಕರೆಯಿಸಿಕೊಳ್ಳುವ ಜನಾಂಗವೇ ಇರಲಿಲ್ಲ. ಬೇಕೆಂದೇ ಇಟ್ಟ ಹೆಸರು. ಅವಳು ಯೇಸುವಿನೊಡನೆ ವಾದಿಸಿ ಗೆಲ್ಲುತ್ತಾಳೆ, ಮಗಳು ಬದುಕುತ್ತಾಳೆ.

ಇದನ್ನೆಲ್ಲ ಒಂದು ಸಿದ್ಧಾಂತವಾಗಿ ಕಟ್ಟುವ ಯತ್ನ ನಡೆದೇ ಇದೆ. ಸಿ.ಎಸ್. ಲೂಯಿಸ್ ತೀರಿಕೊಳ್ಳುವ ಕೆಲವು ತಿಂಗಳ ಮುಂಚೆ, 1963ರ ಜುಲೈನಲ್ಲಿ ಬರೆದ ಪತ್ರವೊಂದರಲ್ಲಿ, ದೇವರ ಒಳ್ಳೆಯತನವೋ ಗ್ರಂಥದ ತಪ್ಪಿಲ್ಲದಿರುವಿಕೆಯೋ ಎಂದು ಆರಿಸಬೇಕಾಗಿ ಬಂದರೆ ಒಳ್ಳೆಯತನವನ್ನೇ ಹಿಡಿಯಬೇಕೆಂದರು. ಗ್ರೆಗ್ ಬಾಯ್ಡ್ 2017ರಲ್ಲಿ ಎರಡು ದಪ್ಪ ಸಂಪುಟಗಳನ್ನು ಬರೆದು, ಶಿಲುಬೆಯಲ್ಲಿ ಅಪರಾಧಿಯ ರೂಪ ಹೊತ್ತ ದೇವರು ಹಳೆ ಒಡಂಬಡಿಕೆಯಲ್ಲಿ ಜನರ ಹಿಂಸೆಯ ಕಲ್ಪನೆಯನ್ನೇ ಮುಖವಾಡವಾಗಿ ಹೊತ್ತ ಎಂದರು. ಓರಿಜೆನ್‌ನಂತೆ ಇಲ್ಲಿಯೂ ಎಲ್ಲವೂ ತುಸು ಹೆಚ್ಚೇ ಸಲೀಸಾಗಿ ಹೊಂದಿಕೊಳ್ಳುತ್ತದೆ. 2010ರಲ್ಲಿ ಪೋಪ್ ಬೆನೆಡಿಕ್ಟ್ ಈ ಭಾಗಗಳನ್ನು ಕತ್ತಲಿನ ಭಾಗಗಳೆಂದೇ ಕರೆದು, ಬಿಡದೆ ಓದಿ, ತಿಳಿದವರ ನೆರವಿನಿಂದ ಓದಿ ಎಂದರು. ಅಷ್ಟರಮಟ್ಟಿಗೆ ಅದು ಒಳ್ಳೆಯ ಸಲಹೆ.

ಈ ಚರ್ಚೆಯಲ್ಲಿ ಬಹುಕಾಲ ಕಾನಾನ್ಯರ ಕಡೆಯಿಂದ ಯಾರೂ ಮಾತಾಡಿರಲಿಲ್ಲ. 1989ರಲ್ಲಿ ಇಬ್ಬರು ಮಾತಾಡಿದರು. ಅಮೆರಿಕದ ಒಸೇಜ್ ಬುಡಕಟ್ಟಿನ ರಾಬರ್ಟ್ ಅಲೆನ್ ವಾರಿಯರ್, ಐಗುಪ್ತದಿಂದ ಬಿಡುಗಡೆಯ ಕಥೆಯನ್ನು ದಮನಿತರೆಲ್ಲರ ಕಥೆಯೆಂದು ಸಾರುವ ವಿಮೋಚನಾ ದೈವಶಾಸ್ತ್ರಿಗಳಿಗೆ, ಆ ಕಥೆಯಲ್ಲಿ ನಾನು ಕಾನಾನ್ಯ ಎಂದರು. 1948ರಲ್ಲಿ ಬೈಸಾನಿನ ತಮ್ಮ ಮನೆಯಿಂದ ಕುಟುಂಬ ಸಮೇತ ಹೊರದಬ್ಬಲ್ಪಟ್ಟ ಪಾಲೆಸ್ತೀನಿ ಆಂಗ್ಲಿಕನ್ ಪಾದ್ರಿ ನಯೀಮ್ ಅತೀಕ್, ಅಂದಿನಿಂದ ತಮ್ಮ ಜನರಿಗೆ ಹಳೆ ಒಡಂಬಡಿಕೆ ಬಾಯಿಗೆ ಬಾರದ ಪುಸ್ತಕವಾಯಿತೆಂದು ಬರೆದರು.

ಈ ಮಾತು ಬೆಂಗಳೂರಿನ ಬಾಗಿಲಿಗೂ ಬರುತ್ತದೆ. 1981ರಲ್ಲಿ ಇಲ್ಲಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತ ದೈವಶಾಸ್ತ್ರದ ಚರ್ಚೆ ಮೊದಲಾಯಿತೆನ್ನುತ್ತಾರೆ. ಮುಂದೆ ಅವರು ಅದಕ್ಕೆ ಅಡಿಗಲ್ಲಾಗಿ ಇಟ್ಟುಕೊಂಡದ್ದು ಧರ್ಮೋಪದೇಶಕಾಂಡ 26ರ ವಿಶ್ವಾಸಪ್ರಮಾಣವನ್ನು: ಅಲೆಮಾರಿ ಮೂಲಪುರುಷ, ಐಗುಪ್ತದ ಬಿಟ್ಟಿಚಾಕರಿ, ಮೊರೆ, ಬಿಡುಗಡೆ. ಆ ಪ್ರಮಾಣ ಮುಗಿಯುವುದು ಹಾಲೂ ಜೇನೂ ಹರಿಯುವ ದೇಶ ದಕ್ಕುವುದರಲ್ಲಿ, ವಾರಿಯರ್ ಬೆರಳಿಟ್ಟು ತೋರಿಸಿದ ಜಾಗದಲ್ಲಿ. ಊರ ಹೊರಗಿನ ಕೇರಿಯ ಓದುಗನಿಗೆ ಐಗುಪ್ತದ ಗುಲಾಮನೂ ತಾನೇ, ನೆಲ ಕಳೆದುಕೊಂಡ ಕಾನಾನ್ಯನೂ ತಾನೇ ಎನಿಸಬಹುದು. ಎರಡನ್ನೂ ಒಟ್ಟಿಗೆ ಹಿಡಿದು ಓದುವ ವ್ಯಾಖ್ಯಾನ ಬರುವುದಾದರೆ ಓರಿಜೆನ್ನನ ಕೈಸರೈಯ, ಕ್ಯಾಲ್ವಿನ್ನನ ಜಿನೀವಗಳಿಗಿಂತ ಇಂಥ ಕಡೆಯಿಂದಲೇ ಬರಬೇಕೆಂದು ನನಗನ್ನಿಸುತ್ತದೆ.

ಅಂಥ ಓದುಗನಿಗೆ ಗ್ರಂಥದಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ನಿರ್ಮೂಲವಾಗಬೇಕಾಗಿದ್ದ ಏಳು ಜನಾಂಗಗಳಲ್ಲಿ ಯೆಬೂಸಿಯರೂ ಒಬ್ಬರು. ಯೆರೂಸಲೇಮಿನ ಯೆಬೂಸಿಯರನ್ನು ಓಡಿಸಲಾಗಲಿಲ್ಲವೆಂದು ಯೆಹೋಶುವನ ಗ್ರಂಥವೇ ಒಪ್ಪಿಕೊಳ್ಳುತ್ತದೆ. ಮುಂದೆ ಮಾರಿ ಬಂದು ಜನ ಸಾಯುತ್ತಿದ್ದಾಗ ದಾವೀದ ಯಜ್ಞವೇದಿ ಕಟ್ಟಲು ಅದೇ ಊರಿನ ಅರೌನನೆಂಬ ಯೆಬೂಸಿಯನ ಕಣಕ್ಕೆ ಹೋಗುತ್ತಾನೆ. ಅರೌನ ಪುಕ್ಕಟೆ ಕೊಡಲು ಮುಂದಾದರೂ ದಾವೀ‌ದ ಬಿಟ್ಟಿ ಒಲ್ಲೆನೆಂದು ಬೆಲೆ ತೆತ್ತು ಕೊಳ್ಳುತ್ತಾನೆ. ಸೊಲೊಮೋನ ದೇವಾಲಯ ಕಟ್ಟಿದ್ದು ಆ ಕಣದ ಮೇಲೆಯೇ. ಬೆಲೆ ಐವತ್ತು ಶೆಕೆಲ್ ಬೆಳ್ಳಿ ಎಂದು ಸಮುವೇಲನ ಗ್ರಂಥ, ಆರುನೂರು ಶೆಕೆಲ್ ಬಂಗಾರ ಎಂದು ಪೂರ್ವಕಾಲವೃತ್ತಾಂತ. ಮಾರಿದವನು ಯೆಬೂಸಿಯನೆಂಬುದರಲ್ಲಿ ಎರಡಕ್ಕೂ ತಕರಾರಿಲ್ಲ.